ಪದ್ಮಿನಿಗೆ ಹಳೇ ಬ್ಲಾಕೇ ಸಾಕಾ, 118ಎನ್‌ಇ ಎಂಜಿನ್ ಇಳಿಸೋದಾ?

ಕುಂಬಳೆಯವ:
ಎಲ್ಲರಿಗೂ ನಮಸ್ಕಾರ. ಅಪ್ಪನ ಪ್ರೀಮಿಯರ್ ಪದ್ಮಿನಿ ಕಾರು ಉಂಟು, ಕೆಎಲ್ 14 ರಿಜಿಸ್ಟ್ರೇಶನ್. ಬಾಡಿ ಕೆಲಸ ಮುಗಿದು ಈಗ ಎಂಜಿನ್ ಬಿಚ್ಚಿದ್ದೇವೆ. ಸುಮ್ನೆ ಓಡಿದರೆ ಸಾಲದು, ಪಾಣತ್ತೂರಿನಿಂದ ಕರಿಕೆ ಹತ್ತಿ ಭಾಗಮಂಡಲಕ್ಕೆ ಹೋಗುವಾಗ ಒಳ್ಳೆ ಎಳೆತ ಬೇಕು. ಬ್ಲಾಕ್ (ಸಿಲಿಂಡರುಗಳಿರುವ ಎಂಜಿನ್ನಿನ ಮುಖ್ಯ ಭಾಗ) ಹಿಂದೊಮ್ಮೆ 40 ಥೌ ಬೋರ್ ಆಗಿದೆ, ಅಂದರೆ ಸಿಲಿಂಡರನ್ನು ಸುಮಾರು 1 ಮಿ.ಮೀ. ಅಗಲಕ್ಕೆ ಕೊರೆಸಿದೆ, ಈಗ ನಾಲ್ಕನೇ ಸಿಲಿಂಡರಿನಲ್ಲಿ ಉಗುರಿಗೆ ಸಿಗುವಷ್ಟು ಗೀರು. ಇದಕ್ಕೇ ಲೈನರ್ (ಸಿಲಿಂಡರಿನೊಳಗೆ ಕೂರಿಸುವ ಹೊಸ ಕೊಳವೆ) ಹಾಕಿಸುವುದಾ, ಗುಜರಿಯಿಂದ ಬೇರೆ ಪದ್ಮಿನಿ ಬ್ಲಾಕ್ ತರುವುದಾ, ಅಥವಾ ಪ್ರೀಮಿಯರಿನದ್ದೇ ಇನ್ನೊಂದು ಕಾರು 118ಎನ್‌ಇಯ ಎಂಜಿನ್ ಇಳಿಸುವುದಾ?

ಉಪ್ಪಳ ಲೇತ್:
ಇನ್ನೂ ಬೋರ್ ದೊಡ್ಡದು ಮಾಡಿದರೆ ಪವರ್ ಬರುತ್ತದೆ ಅಂತ ಲೆಕ್ಕ ಹಾಕಬೇಡಿ. 68 ಮಿ.ಮೀ. ಬೋರ್ (ಸಿಲಿಂಡರಿನ ಅಗಲ), 75 ಮಿ.ಮೀ. ಸ್ಟ್ರೋಕಿಗೆ (ಪಿಸ್ಟನ್ ಓಡುವ ದೂರ) 1089 ಸಿಸಿ, 40 ಥೌ ಕೊರೆದರೂ ಏರಿದ್ದು ಬರೀ 33 ಸಿಸಿ. ಗೋಡೆ ತೆಳುವಾಗಿ ಬಿಸಿ ಜಾಸ್ತಿ ಆಗುತ್ತದೆ, ಅಷ್ಟೇ. ಲೈನರ್ ಹಾಕಿ 68ಕ್ಕೇ ತನ್ನಿ. ನಿಜವಾದ ಎಳೆತ ಬ್ಲಾಕಿನ ಮೇಲೆ ಕೂರುವ ಹೆಡ್ಡಿನಲ್ಲಿ ಸಿಗುತ್ತದೆ: ವಾಲ್ವ್ ಸೀಟು, ಪೋರ್ಟ್, ಸ್ವಲ್ಪ ಕಂಪ್ರೆಶನ್.

ಆದರೆ ಮೊದಲು ಬ್ಲಾಕಿನ ಪಕ್ಕದ ಕೋರ್ ಪ್ಲಗ್ (ನೀರಿನ ದಾರಿಯ ತೂತು ಮುಚ್ಚುವ ಬಿಲ್ಲೆ) ತೆಗೆದು ಒಳಗೆ ತಂತಿ ಹಾಕಿ ನೋಡಿ ಮಾರಾಯ್ರೇ. ನಮ್ಮ ಕಡಲ ಬದಿಯಲ್ಲಿ ಕೂಲಂಟ್ ಬದಲು ಬಾವಿ ನೀರು ಹಾಕಿಯೇ ಓಡಿಸಿದ ಗಾಡಿಗಳು ಬೇಕಾದಷ್ಟು. ತುಕ್ಕಿನ ಕೆಸರು ಹಿಂದಿನ ನಾಲ್ಕನೇ ಸಿಲಿಂಡರಿನ ಸುತ್ತ ಕೂತರೆ ಅಲ್ಲಿಗೆ ನೀರು ಸರಿಯಾಗಿ ಹೋಗುವುದಿಲ್ಲ, ನಿಮ್ಮ ಗೀರಿಗೂ ಅದೇ ಕಾರಣ ಇರಬಹುದು. ಕೆಸರು ತೆಗೆಸಿ, ನೀರಿನ ದಾರಿ ಮುಚ್ಚಿ, ಗಾಳಿ ತುಂಬಿ ಬಿಸಿ ನೀರಲ್ಲಿ ಮುಳುಗಿಸಿ. ಗುಳ್ಳೆ ಬಂದರೆ ಬಿರುಕು ಉಂಟು ಅಂತ ಅರ್ಥ, ಆ ಬ್ಲಾಕಿಗೆ ದುಡ್ಡು ಹಾಕಬೇಡಿ.

ಗುಜರಿಯದ್ದೇ ತರುವುದಾದರೆ ಕ್ರ್ಯಾಂಕ್ ಶಾಫ್ಟನ್ನು ಬ್ಲಾಕಿಗೆ ಹಿಡಿದಿಡುವ ಮೇನ್ ಬೇರಿಂಗ್ ಕ್ಯಾಪುಗಳು ಅದೇ ಬ್ಲಾಕಿನವು ಇರಬೇಕು. ಬ್ಲಾಕ್, ಕ್ಯಾಪ್ ಎರಡನ್ನೂ ಕೂಡಿಸಿಯೇ ಕೊರೆದಿರುತ್ತಾರೆ. ನಿಮ್ಮ ಕ್ಯಾಪ್ ಅದಕ್ಕೆ ಹಾಕಿದರೆ ಕ್ರ್ಯಾಂಕ್ ಬಿಗಿಯಾಗಬಹುದು, ಮತ್ತೆ ಲೈನ್ ಬೋರಿಂಗ್ ಮಾಡಿಸಬೇಕು, ಅಂದರೆ ಬೇರಿಂಗ್ ತೂತುಗಳನ್ನೆಲ್ಲ ಒಂದೇ ಸಾಲಿಗೆ ಕೊರೆಸಬೇಕು.

ಬದಿಯಡ್ಕ:
ಲೇತ್ ಅಣ್ಣ ಹೇಳಿದ್ದು ಸರಿ, ಆದರೆ ಜಾಸ್ತಿ ಆರ್‌ಪಿಎಂ ಬೇಕಾದರೆ ನನ್ನ ಓಟು 118ಎನ್‌ಇಗೆ. ಅದು ನಿಸ್ಸಾನ್ ಎ12, 73 ಬೋರ್, 70 ಸ್ಟ್ರೋಕ್, 1171 ಸಿಸಿ. ಸ್ಟ್ರೋಕ್ ಚಿಕ್ಕದು, ಮೇನ್ ಬೇರಿಂಗ್ ಐದು. ಪದ್ಮಿನಿಯದ್ದು ಮೂರೇ, ಎಳೆದು ಓಡಿಸಿದರೆ ಕ್ರ್ಯಾಂಕ್ ಬೇರಿಂಗುಗಳ ನಡುವೆ ಬಾಗುತ್ತದೆ. ಆದರೆ ಎಂಜಿನ್ ಮಾತ್ರ ತಂದರೆ ಆಗದು, ಗೇರ್‌ಬಾಕ್ಸ್ ಸಮೇತ ತರಬೇಕು. ಅದು ಫ್ಲೋರ್ ಗೇರ್, ನಿಮ್ಮದು ಸ್ಟಿಯರಿಂಗ್ ಗೇರ್ ಆದರೆ ಫ್ಲೋರ್ ಕತ್ತರಿಸಬೇಕು. ಮೌಂಟಿಂಗ್ ಬೇರೆ, ಪ್ರೊಪೆಲ್ಲರ್ ಶಾಫ್ಟಿನ ಅಳತೆಯೂ ಬೇರೆ.

ಮಂಜೇಶ್ವರ:
ಆರ್‌ಸಿಯಲ್ಲಿರುವ ಎಂಜಿನ್ ನಂಬರ್ ಇರುವುದೇ ಬ್ಲಾಕಿನ ಮೇಲೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಎಂಜಿನ್ ಬದಲಿಸಲು ಆರ್‌ಟಿಒ ಅನುಮತಿ ಬೇಕು. ಗುಜರಿ ಬ್ಲಾಕ್ ಆದರೂ ನಂಬರ್ ಬದಲಾಗುತ್ತದೆ, ಅದರ ಹಳೇ ಗಾಡಿಯ ಕಾಗದ ಕೇಳಿ ತೆಗೆದುಕೊಳ್ಳಿ. ಲೈನರ್ ಹಾಕಿಸಿದರೆ ಅಪ್ಪನ ನಂಬರೇ ಉಳಿಯುತ್ತದೆ ಅಲ್ವಾ? ನಾನಾದರೆ ಅದನ್ನೇ ಮಾಡಿಸುತ್ತಿದ್ದೆ.

ಕುಂಬಳೆಯವ:
ಎಲ್ಲರಿಗೂ ಧನ್ಯವಾದ. ಮೊದಲು ಗಾಳಿ ಟೆಸ್ಟ್, ಗುಳ್ಳೆ ಬರದಿದ್ದರೆ ಲೈನರ್. ಲೇತ್ ಅಣ್ಣ, ಹೋನಿಂಗ್ (ಬೋರಿನ ಒಳಗೋಡೆಯನ್ನು ಕಲ್ಲಿನಿಂದ ಕೊನೆಯ ಅಳತೆಗೆ ಉಜ್ಜುವುದು) ಮಾಡುವಾಗ ಮೇಲೆ ಪ್ಲೇಟ್ ಬಿಗಿಯಬೇಕು ಅಂತಾರೆ, ಈ ಬ್ಲಾಕಿಗೂ ಬೇಕಾ?

ಉಪ್ಪಳ ಲೇತ್:
ಬೇಕು. ಹೆಡ್ ಬೋಲ್ಟ್ ಬಿಗಿದಾಗ ಬೋರ್ ಸ್ವಲ್ಪ ಆಕಾರ ಬದಲಿಸುತ್ತದೆ. ದಪ್ಪ ಪ್ಲೇಟ್ ಹಾಕಿ, ಬೋಲ್ಟಿಗೆ ಹೆಡ್ಡಿಗೆ ಕೊಡುವಷ್ಟೇ ಟಾರ್ಕ್ (ಬಿಗಿತ) ಕೊಟ್ಟು, ಆಮೇಲೆ ಹೋನ್ ಮಾಡಿಸಿ. ಪಿಸ್ಟನ್ ಕೈಗೆ ಬರುವ ತನಕ ಬೋರ್ ಮುಟ್ಟಿಸಬೇಡಿ, ಪಿಸ್ಟನ್ ಅಳೆದು ಅದಕ್ಕೂ ಬೋರಿನ ಗೋಡೆಗೂ ನಡುವೆ ತಕ್ಕ ಗ್ಯಾಪ್ ಇಡಬೇಕು.