ಈ ಗ್ರೀಕ್ ಬಲಿ ಕಥೆ ಯಕ್ಷಗಾನಕ್ಕೆ ಆಗುತ್ತದಾ?

ಶಿರಸಿ_ಮಾಣಿ: ನಮ್ಮ ಹವ್ಯಾಸಿ ತಂಡಕ್ಕೆ ಹೊಸ ಪ್ರಸಂಗ ಬೇಕು. ಅಥೆನ್ಸ್ ಮೇಲೆ ಯುಮೋಲ್ಪಸ್ ದಂಡೆತ್ತಿ ಬರುತ್ತಾನೆ, ಮಗಳನ್ನು ಬಲಿ ಕೊಟ್ಟರೆ ಗೆಲುವು ಅಂತ ರಾಜ ಎರೆಕ್ತಿಯಸ್‌ಗೆ ಡೆಲ್ಫಿಯ ದೈವವಾಣಿ ಆಗುತ್ತದೆ, ತಾಯಿ ಪ್ರಾಕ್ಸಿಥಿಯಾ ಒಪ್ಪಿಯೂ ಬಿಡುತ್ತಾಳೆ! ಇದರಲ್ಲಿ ಅಥೆನ್ಸಿನವರಿಗೆ ಹೆಮ್ಮೆ ಯಾಕೆ?

ಕಾಳಿ_ದಂಡೆ: ತಾವು ಆ ಮಣ್ಣಿನಲ್ಲೇ ಹುಟ್ಟಿದವರು, ಎಲ್ಲಿಂದಲೋ ಬಂದವರಲ್ಲ ಅನ್ನುವ ನಂಬಿಕೆ ಅವರದು. ಅದಕ್ಕೇ ಆ ಮಣ್ಣು ಉಳಿಸಲು ಮಗಳನ್ನು ಕೊಡುವುದೂ ಹೆಮ್ಮೆ. ಕ್ರಿ.ಪೂ. 330ರಲ್ಲಿ ಅಥೆನ್ಸಿನ ರಾಜಕಾರಣಿ ಲೈಕರ್ಗಸ್, ಮ್ಯಾಸಿಡೋನಿಯಾದವರ ಎದುರು ಕೈರೋನಿಯಾ ಯುದ್ಧದಲ್ಲಾದ ಸೋಲಿನ ನಂತರ ಊರು ಬಿಟ್ಟು ಓಡಿದ್ದ ಲಿಯೋಕ್ರಟಿಸ್ ಮೇಲೆ ಕೇಸು ಹಾಕಿ, ನಾಟಕಕಾರ ಯೂರಿಪಿಡಿಸ್ ಬರೆದ ಈ ತಾಯಿಯ ಉದ್ದನೆಯ ಮಾತನ್ನು ಕೋರ್ಟಿನಲ್ಲೇ ಹೇಳಿದ. ಆರೋಪಿ ಬಚಾವಾದ, ಅದು ಬೇರೆ ವಿಷಯ.

ಕುಮಟಾ_ಅಕ್ಕ: ಕೆರೆಗೆ ಸೊಸೆಯನ್ನು ಕೊಟ್ಟ ನಮ್ಮ ಕಥೆಯಲ್ಲಿ ಅವಳ ಸಂಕಟವಾದರೂ ಕೇಳುತ್ತದೆ. ಈ ಮಗಳಿಗೂ ಎರಡು ಪದ್ಯ ಕೊಡಿ ಮಾರಾಯ್ರೆ.

ಶಿರಸಿ_ಮಾಣಿ: ಕೊಡೋಣ ಅಕ್ಕಾ. ಪ್ರಾಕ್ಸಿಥಿಯಾಗೆ ಮಾತ್ರ ಒಳ್ಳೆ ಮಾತುಗಾರಿಕೆ ಇರುವ ಸ್ತ್ರೀವೇಷದವರೇ ಬೇಕು, ಯಾರಾದ್ರೂ ಗೊತ್ತಾ?