ರನ್ ಮುಗಿದ ಮೇಲೂ ಉಳಿಯುವ ಅಪ್‌ಗ್ರೇಡ್‌ಗಳು: ಗೆದ್ದದ್ದು ನಾನೋ, ಕೂಡಿಟ್ಟ ಬಲವೋ?

ಕಾಡಂಚು:

ಎಲ್ಲರಿಗೂ ನಮಸ್ಕಾರ. ಈಚೆಗೆ ಎರಡು ಸ್ಟ್ರಾಟೆಜಿ ರೋಗ್‌ಲೈಟ್‌ಗಳನ್ನು (ಸೋತರೆ ಮೊದಲಿಂದ ಆರಂಭಿಸಬೇಕಾದ, ಆದರೆ ಏನಾದರೊಂದು ಮುಂದಿನ ಸಲಕ್ಕೆ ಉಳಿಯುವ ವಿಡಿಯೋ ಗೇಮ್‌ಗಳು; ಹಾಗೆ ಆಡುವ ಒಂದೊಂದು ಸುತ್ತೂ ಒಂದು ‘ರನ್’) ಒಟ್ಟೊಟ್ಟಿಗೆ ಆಡುತ್ತಿದ್ದೇನೆ. ಒಂದು, ಸಬ್‌ಸೆಟ್ ಗೇಮ್ಸ್‌ನವರು 2018ರಲ್ಲಿ ಹೊರತಂದ ‘ಇನ್‌ಟು ದ ಬ್ರೀಚ್’. ಇನ್ನೊಂದು, ಪೋಲೆಂಡಿನ ಎರೆಮೈಟ್ ಗೇಮ್ಸ್‌ನವರ ‘ಅಗೇನ್‌ಸ್ಟ್ ದ ಸ್ಟಾರ್ಮ್’, ಪೂರ್ಣರೂಪದಲ್ಲಿ 2023ರ ಡಿಸೆಂಬರಿನಲ್ಲಿ ಬಂದದ್ದು. ಮೊದಲನೆಯದರಲ್ಲಿ ಸೋತರೆ ಮುಂದಿನ ರನ್‌ಗೆ ದಾಟಿಕೊಳ್ಳುವುದು ಒಬ್ಬ ಪೈಲಟ್ ಮತ್ತು ಅವನು ಗಳಿಸಿದ ಅನುಭವ ಮಾತ್ರ; ಆಯುಧ, ಅಪ್‌ಗ್ರೇಡ್ ಎಲ್ಲವೂ ಅಲ್ಲಿಗೇ ಮುಗಿಯುತ್ತವೆ. ಎರಡನೆಯದರಲ್ಲಿ ಊರುಗಳನ್ನು ಕಟ್ಟಿದಂತೆಲ್ಲ ಒಂದಷ್ಟು ಸಂಪಾದನೆ ಕೈಸೇರುತ್ತದೆ. ಅದನ್ನು ಸ್ಮೋಲ್ಡರಿಂಗ್ ಸಿಟಿ ಎಂಬ ರಾಜಧಾನಿಯಲ್ಲಿ ಖರ್ಚು ಮಾಡಿ, ಮುಂದಿನ ಊರುಗಳಿಗೆಲ್ಲ ಅನ್ವಯಿಸುವ ಅಪ್‌ಗ್ರೇಡ್‌ಗಳನ್ನು ಕೊಳ್ಳಬಹುದು.

ಈ ಎರಡನೆಯ ಆಟದಲ್ಲಿ, ಮೊದಲು ವೆಟರನ್ ಎಂಬ ಕಷ್ಟದ ಹಂತದಲ್ಲಿ ಏದುಸಿರು ಬಿಡುತ್ತಿದ್ದ ನಾನು ಈಗ ಅದನ್ನು ಸಲೀಸಾಗಿ ದಾಟುತ್ತಿದ್ದೇನೆ. ಇದರಲ್ಲಿ ನಾನು ಕಲಿತದ್ದೆಷ್ಟು, ಕೊಂಡ ಅಪ್‌ಗ್ರೇಡ್‌ಗಳ ಪಾಲೆಷ್ಟು ಎಂಬುದನ್ನು ಬೇರ್ಪಡಿಸಿ ನೋಡುವ ದಾರಿ ಇದೆಯೇ? ಯೋಚಿಸಿ ಗೆಲ್ಲಬೇಕಾದ ಆಟದಲ್ಲಿ ಇಂಥ ವ್ಯವಸ್ಥೆ ಇರುವುದು ಸರಿಯೇ ಎಂಬುದನ್ನೂ ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ನಿಧಾನಸ್ಥ:

ಶಾಶ್ವತವಾಗಿ ಉಳಿಯುವುದೆಲ್ಲ ಒಂದೇ ಬಗೆಯದಲ್ಲವಾದ್ದರಿಂದ, ಯಾವ ಆಟದಲ್ಲಿ ಏನು ಉಳಿಯುತ್ತದೆ ಎಂದು ಮೊದಲು ನೋಡಬೇಕು. ಸ್ಟ್ರಾಟೆಜಿ ಆಟವಲ್ಲದಿದ್ದರೂ 2013ರ ‘ರೋಗ್ ಲೆಗಸಿ’ ಇಲ್ಲಿ ಅತ್ಯಂತ ನಿಚ್ಚಳವಾದ ಉದಾಹರಣೆ. ಅಲ್ಲಿ ಸತ್ತವನ ಚಿನ್ನ ವಾರಸುದಾರನಿಗೆ ಸಲ್ಲುತ್ತದೆ. ಅವನು ಅದರಿಂದ ಆರೋಗ್ಯವನ್ನೋ ಹೊಡೆತದ ಬಲವನ್ನೋ ಹೆಚ್ಚಿಸಿಕೊಂಡು ಮತ್ತೆ ಕೋಟೆಯೊಳಗೆ ಹೋಗುತ್ತಾನೆ. ಉಳಿಯುವುದು ನೇರವಾಗಿ ಬಲವೇ. ಅದೇ 2012ರ ‘ಎಫ್‌ಟಿಎಲ್’ನಲ್ಲಿ ಅನ್‌ಲಾಕ್ ಆಗುವುದು ಹೊಸ ಬಾಹ್ಯಾಕಾಶ ಹಡಗುಗಳು, ಅವು ಹಳೆಯ ಹಡಗಿಗಿಂತ ಬೇರೆ ರೀತಿಯವು ಎನ್ನಬಹುದೇ ಹೊರತು ಎಲ್ಲವೂ ಹೆಚ್ಚು ಬಲಶಾಲಿ ಎನ್ನಲಾಗದು. ಕೊನೆಯಲ್ಲಿ ಎದುರಾಗುವ ರೆಬೆಲ್ ಫ್ಲ್ಯಾಗ್‌ಶಿಪ್ ನೂರನೆಯ ರನ್‌ನಲ್ಲೂ ಮೊದಲಿನಷ್ಟೇ ನಿರ್ದಯಿ.

‘ಸ್ಲೇ ದ ಸ್ಪೈರ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಆರಂಭದಲ್ಲಿ ಅನ್‌ಲಾಕ್ ಆಗುವ ಕಾರ್ಡುಗಳು ಆಯ್ಕೆಯನ್ನು ಹಿಗ್ಗಿಸುತ್ತವೆ. ಅದಾದ ಮೇಲೆ ಉಳಿಯುವ ಮುಖ್ಯ ಪ್ರಗತಿಯೆಂದರೆ ಅಸೆನ್ಷನ್‌ನ 20 ಮೆಟ್ಟಿಲು, ಪ್ರತಿಯೊಂದೂ ಆಟವನ್ನು ಇನ್ನಷ್ಟು ಬಿಗಿಗೊಳಿಸುವಂಥದು. ಇಪ್ಪತ್ತನೆಯದರಲ್ಲಿ ಮೂರನೆಯ ಅಂಕದ ಕೊನೆಗೆ ಒಬ್ಬರ ಬೆನ್ನಿಗೇ ಇನ್ನೊಬ್ಬರಂತೆ ಇಬ್ಬರು ಬಾಸ್‌ಗಳನ್ನು ಎದುರಿಸಬೇಕು. ಗೆದ್ದವನಿಗೆ ಬಹುಮಾನವಾಗಿ ಹೆಚ್ಚಿನ ಕಷ್ಟವನ್ನೇ ಕೊಡುವ ಈ ಏರ್ಪಾಡು ನನಗಂತೂ ಅತ್ಯಂತ ಪ್ರಾಮಾಣಿಕವಾದದ್ದಾಗಿ ಕಾಣುತ್ತದೆ.

ಮೂರನೇಮಹಡಿ:

ನಿಧಾನಸ್ಥ ಅವರ ವಿಂಗಡಣೆಯನ್ನು ಒಪ್ಪುತ್ತೇನೆ. ಆದರೆ ಬಲವನ್ನೇ ಮಾರುವ ಆಟಗಳ ಬಗ್ಗೆ ಅವರು ತೀರಾ ಮೃದುವಾಗಿ ಬರೆದಿದ್ದಾರೆ. ಅಂಥ ಆಟದಲ್ಲಿ ಏನೂ ತಿಳಿಯದ ಹೊಸಬನ ಕೈಯಲ್ಲಿ ಅತಿ ಕಡಿಮೆ ಬಲವಿರುತ್ತದೆ, ಎಲ್ಲ ಪಟ್ಟುಗಳನ್ನೂ ಅರಿತ ನುರಿತವನ ಕೈಯಲ್ಲಿ ಅತಿ ಹೆಚ್ಚು. ನೆರವು ಯಾರಿಗೆ ಬೇಕೋ ಅವರಿಗೆ ಸಿಗದೆ, ಬೇಡದವರಿಗೆ ಸಿಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ಮೊದಲ ಸೋಲುಗಳಿಗೆ ಕಾರಣ ತನ್ನ ನಡೆಯೋ ಅಥವಾ ಇನ್ನೂ ಕೊಳ್ಳದ ಅಪ್‌ಗ್ರೇಡೋ ಎಂದು ಆಟಗಾರನಿಗೆ ತಿಳಿಯುವುದಿಲ್ಲ. ತಿಳಿಯದಿದ್ದರೆ ಆ ಸೋಲಿನಿಂದ ಕಲಿಯುವುದಾದರೂ ಏನನ್ನು?

ನೆರವು ಕೊಡುವುದೇ ಆದರೆ ‘ಹೇಡೀಸ್’ನ ಗಾಡ್ ಮೋಡ್‌ನಂತೆ ಬಹಿರಂಗವಾಗಿ ಕೊಡಬೇಕು. ಬೇಕೆಂದವರು ಅದನ್ನು ಆನ್ ಮಾಡಿಕೊಂಡರೆ ತಗಲುವ ಪೆಟ್ಟು ಶೇ. 20ರಷ್ಟು ತಗ್ಗುತ್ತದೆ, ಸತ್ತಾಗಲೆಲ್ಲ ಇನ್ನೂ ಶೇ. 2ರಂತೆ ಸೇರುತ್ತಾ ಶೇ. 80ರವರೆಗೆ ಹೋಗುತ್ತದೆ. ಅದು ನೆರವು ಎಂಬುದು ಎಲ್ಲರಿಗೂ ಗೊತ್ತು. ಸಾಧನೆಯ ವೇಷ ಹಾಕಿಕೊಂಡು ಬರುವುದಿಲ್ಲ. (ಶಾಶ್ವತವಾಗಿ ಉಳಿಯುವ ಬಲವನ್ನು ಕೊಳ್ಳುವ, ಅದೇ ಆಟದ ಮಿರರ್ ಆಫ್ ನೈಟ್ ಮಾತ್ರ ನಾನು ದೂರುತ್ತಿರುವ ಬಗೆಗೇ ಸೇರಿದ್ದು ಎಂಬುದನ್ನೂ ಹೇಳಿಬಿಡುತ್ತೇನೆ.)

ಗುಡ್ಡದಬೆಂಕಿ:

ಪ್ರಶ್ನೆ ಕೇಳಿದವರು ಆಡುತ್ತಿರುವುದು ‘ಅಗೇನ್‌ಸ್ಟ್ ದ ಸ್ಟಾರ್ಮ್’ ಆದ್ದರಿಂದ ಅದರ ಒಳಗಣ ಲೆಕ್ಕಾಚಾರವನ್ನೇ ನೋಡೋಣ. ಅಲ್ಲಿ ಒಂದು ಊರಿನ ಗೆಲುವು ಖ್ಯಾತಿಯನ್ನು ತುಂಬಿಕೊಳ್ಳುವುದರಲ್ಲಿದೆ, ಸೋಲು ರಾಣಿಯ ಅಸಹನೆ ತುಂಬಿಬಿಡುವುದರಲ್ಲಿದೆ. ಇವೆರಡರ ನಡುವೆ ಕಾಡಿನ ಹಗೆತನವೆಂಬ ಮೂರನೆಯ ಅಳತೆಯಿದೆ: ಮರ ಕಡಿಯುವವರನ್ನು ಹೆಚ್ಚಿಸಿದರೆ, ಹೊಸ ಬಯಲುಗಳನ್ನು ತೆರೆದರೆ, ಸುಮ್ಮನೆ ವರ್ಷ ಕಳೆದರೂ ಅದು ಏರುತ್ತದೆ, ಏರಿದಷ್ಟೂ ಬಿರುಗಾಳಿಯ ಋತುವಿನಲ್ಲಿ ಜನರ ಮನೋಬಲ ಕುಸಿಯುತ್ತದೆ. ಸ್ವಾರಸ್ಯವೆಂದರೆ ರಾಣಿಯ ಅಸಹನೆ ಹೆಚ್ಚಿದಂತೆ ಕಾಡಿನ ಹಗೆತನ ಇಳಿಯುತ್ತದೆ. ಖ್ಯಾತಿ ಗಳಿಸಿದರೆ ಆ ಅಸಹನೆ ತಗ್ಗುತ್ತದೆ. ಹೀಗಾಗಿ ಖ್ಯಾತಿಯ ಅಂಕವನ್ನು ಯಾವ ಋತುವಿನಲ್ಲಿ ಪಡೆಯಬೇಕು ಎಂಬುದೂ ಯೋಚಿಸಬೇಕಾದ ನಡೆಯೇ ಆಗುತ್ತದೆ. ಬಿರುಗಾಳಿಗೆ ತುಸು ಮೊದಲು ಮೂರು ಅಂಕಗಳನ್ನು ಒಟ್ಟಿಗೆ ಬಾಚಿಕೊಂಡವನು ತನ್ನ ಊರಿಗೆ ತಾನೇ ಕಷ್ಟ ತಂದುಕೊಂಡಿರುತ್ತಾನೆ.

ರಾಜಧಾನಿಯ ಯಾವ ಅಪ್‌ಗ್ರೇಡೂ ಈ ನಿರ್ಣಯಗಳನ್ನು ನಿಮ್ಮ ಪರವಾಗಿ ಮಾಡುವುದಿಲ್ಲ. ಅವುಗಳಿಂದ ತುಸು ಬೇಗ ಕೆಲಸವಾಗುತ್ತದೆ, ಹೊರಡುವಾಗ ಒಯ್ಯುವ ಸಾಮಗ್ರಿಯಲ್ಲಿ ಆಯ್ಕೆ ಹೆಚ್ಚುತ್ತದೆ. ಅಂದರೆ ತಪ್ಪಿದ ನಡೆಗೆ ಕ್ಷಮೆ ಸಿಗುವ ಅವಕಾಶ ಅಗಲವಾಗುತ್ತದೆ. ಆ ಅವಕಾಶವನ್ನು ಮತ್ತೆ ಕಿರಿದುಗೊಳಿಸಲೆಂದೇ ವೆಟರನ್‌ಗಿಂತ ಮೇಲಿನ ವೈಸ್‌ರಾಯ್ ಹಂತದ ಮೇಲೆ, ಆಟವನ್ನು ಇನ್ನಷ್ಟು ಕಷ್ಟಗೊಳಿಸುವ ಪ್ರೆಸ್ಟೀಜ್‌ನ 20 ಹಂತಗಳಿವೆ. ಮೂರನೇಮಹಡಿಯವರ ದೂರು ಕೆಳಗಿನ ಹಂತಗಳಲ್ಲೇ ಉಳಿದವರ ಮಟ್ಟಿಗೆ ನಿಜ. ಮೇಲೇರುತ್ತಾ ಹೋಗುವವರಿಗೆ ಅಷ್ಟಾಗಿ ಅನ್ವಯಿಸದು.

ಇನ್ನು ಬೇರ್ಪಡಿಸಿ ನೋಡುವ ದಾರಿ. ಮೇಲಿನ ಮಟ್ಟದ ಆಟಗಾರರಿಗಾಗಿ ಕ್ವೀನ್ಸ್ ಹ್ಯಾಂಡ್ ಟ್ರಯಲ್ ಎಂಬ ಪ್ರತ್ಯೇಕ ಮೋಡ್ ಅದರಲ್ಲೇ ಇದೆ. ಅಲ್ಲಿ ನೀವು ಕೂಡಿಟ್ಟ ಅಪ್‌ಗ್ರೇಡ್‌ಗಳು ಲೆಕ್ಕಕ್ಕಿಲ್ಲ, ಬರಿಗೈಯಿಂದ ಆರಂಭಿಸಬೇಕು. ಒಂದೇ ಒಂದು ಊರು ಸೋತರೂ ಪರೀಕ್ಷೆ ಮುಗಿಯಿತು.

ಕಾಡಂಚು:

ಗುಡ್ಡದಬೆಂಕಿ ಅವರಿಗೆ ಧನ್ಯವಾದಗಳು. ಆ ಮೋಡ್‌ವರೆಗೆ ನಾನಿನ್ನೂ ತಲುಪಿಲ್ಲ. ಅಲ್ಲಿಯವರೆಗೆ, ಹೊಸ ಪ್ರೊಫೈಲ್ ಒಂದನ್ನು ತೆರೆದು ಏನನ್ನೂ ಕೊಳ್ಳದೆ ವೆಟರನ್ ಹಂತವನ್ನು ಆಡಿ ನೋಡಿದರೆ ಉತ್ತರ ಸಿಕ್ಕೀತೇ?

ಗುಡ್ಡದಬೆಂಕಿ:

ಅರ್ಧ ಉತ್ತರ ಸಿಗಬಹುದು. ಅಪ್‌ಗ್ರೇಡ್‌ಗಳ ಜೊತೆಗೇ ಕೆಲವು ಕಟ್ಟಡಗಳ ನಕ್ಷೆಗಳೂ ಅನ್‌ಲಾಕ್ ಆಗುವುದರಿಂದ, ಹೊಸ ಪ್ರೊಫೈಲ್‌ನಲ್ಲಿ ಬಲವಷ್ಟೇ ಅಲ್ಲದೆ ಆಯ್ಕೆಯೂ ಕುಗ್ಗಿರುತ್ತದೆ. ಅಲ್ಲಿ ಸೋತರೆ ಯಾವುದರ ಕೊರತೆಯಿಂದ ಸೋತಿರೆಂದು ಹೇಳುವುದು ಕಷ್ಟ. ಈಗಿನ ಪ್ರೊಫೈಲ್‌ನಲ್ಲೇ ಒಂದು ಹಂತ ಮೇಲೇರಿ ವೈಸ್‌ರಾಯ್ ಆಡಿ, ಪ್ರತಿ ಬಿರುಗಾಳಿಗೆ ಮುನ್ನ ಹಗೆತನ ಎಷ್ಟಿತ್ತು, ಅದನ್ನು ಮೊದಲೇ ಊಹಿಸಿದ್ದಿರೋ ಇಲ್ಲವೋ ಎಂಬುದನ್ನು ಗುರುತು ಹಾಕಿಕೊಳ್ಳಿ. ನಿಮ್ಮ ಊಹೆ ಸರಿಯಾಗುತ್ತಾ ಬಂದರೆ ಅದು ನೀವು ಕಲಿತದ್ದು; ಅದನ್ನು ಯಾವ ಅಂಗಡಿಯಲ್ಲೂ ಮಾರುವುದಿಲ್ಲ.

ಮೂರನೇಮಹಡಿ:

ಇದಕ್ಕೆ ನನ್ನ ತಕರಾರಿಲ್ಲ. ‘ಇನ್‌ಟು ದ ಬ್ರೀಚ್’ನಲ್ಲಿಯೂ ಹಳೆಯ ಪೈಲಟ್‌ನನ್ನು ಬಿಟ್ಟು ಹೊಸಬನನ್ನೇ ಆರಿಸಿಕೊಂಡು ಹೊರಡಿ. ಶತ್ರುಗಳ ಮುಂದಿನ ನಡೆಯೆಲ್ಲ 8×8ರ ಹಲಗೆಯ ಮೇಲೆ ಕಣ್ಣಿಗೆ ಕಾಣುವಂತೆಯೇ ಇರುವುದರಿಂದ, ಅಲ್ಲಿ ಪೈಲಟ್‌ನ ಅನುಭವದ ಮೇಲೆ ಹೊರಿಸಬಹುದಾದ ನೆಪಗಳು ಮೊದಲೇ ಬಹಳ ಕಡಿಮೆ.