ಬಸ್ಕಿ ಹೊಡೆದ ಮೇಲೆ ಮಂಡಿಚಿಪ್ಪಿನ ಹಿಂದೆ ನೋವು

ಪ್ರಶ್ನೆ: ನನಗೆ 43. ಅಜ್ಜ ಮೈಸೂರಿನ ಗರಡಿಯಲ್ಲಿ ಸಾಮು ಮಾಡಿದವರು. ಆ ಹೆಮ್ಮೆಗೆ ಮೂರು ವಾರದ ಹಿಂದೆ ಮೊದಲ ದಿನವೇ 100 ಬಸ್ಕಿ ಹೊಡೆದೆ. ಈಗ ಮೆಟ್ಟಿಲು ಇಳಿಯುವಾಗ, ತುಂಬ ಹೊತ್ತು ಕುಳಿತು ಏಳುವಾಗ ಬಲ ಮಂಡಿ ನೋಯುತ್ತದೆ. ಊತವಿಲ್ಲ. ಬಸ್ಕಿಯನ್ನೇ ಬಿಡಬೇಕೇ?

ಉತ್ತರ: ಅಜ್ಜ ಮೊದಲ ದಿನವೇ 100 ಹೊಡೆದಿರಲಾರರು! ನನಗೂ ಹೀಗೇ ಆಗಿತ್ತು. ಪೂರ್ತಿ ಬಿಡಲಿಲ್ಲ, ಕಡಿಮೆ ಮಾಡಿದೆ. ಊಟದ ಮೇಜಿನ ಕುರ್ಚಿ ಇಟ್ಟುಕೊಂಡು, ಸೊಂಟವನ್ನು ಹಿಂದಕ್ಕೆ ತಳ್ಳಿ, ಮೂರು ಎಣಿಸುತ್ತಾ ಕುಳಿತು ಏಳುತ್ತಿದ್ದೆ. ಹತ್ತರಂತೆ ಎರಡು ಸುತ್ತು, ದಿನ ಬಿಟ್ಟು ದಿನ. ಮಂಡಿ ಒಳಕ್ಕೆ ವಾಲದೆ ಪಾದದ ಬೆರಳುಗಳ ದಿಕ್ಕಿಗೇ ಇರಲಿ. ಗರಡಿ ಬಸ್ಕಿಯಲ್ಲಿ ಹಿಮ್ಮಡಿ ಏಳುವುದರಿಂದ ಮಂಡಿಯ ಮೇಲೆ ಭಾರ ಹೆಚ್ಚು. ಸದ್ಯಕ್ಕೆ ಹಿಮ್ಮಡಿ ನೆಲದಲ್ಲೇ ಇರಲಿ. ಮರುದಿನ ಬೆಳಗ್ಗೆ ನೋವು ಹಿಂದಿನಷ್ಟೇ ಇದ್ದರೆ ಸರಿ, ಹೆಚ್ಚಿದ್ದರೆ ಎಣಿಕೆ ಇಳಿಸಿ.

ಇನ್ನೊಬ್ಬರು: ನನಗೆ ಉಪಯೋಗವಾದದ್ದು ಗೋಡೆಗೆ ಬೆನ್ನು ಕೊಟ್ಟು ಅರ್ಧ ಕುಳಿತ ಭಂಗಿಯಲ್ಲಿ 30 ಸೆಕೆಂಡು ನಿಲ್ಲುವುದು. ಮಂಡಿ ಊದಿದರೆ, ಸಿಕ್ಕಿಹಾಕಿಕೊಂಡರೆ ಅಥವಾ ನಡೆಯುವಾಗ ಕುಸಿದರೆ ಮಾತ್ರ ಮನೆಮದ್ದು ಬೇಡ, ಮೂಳೆ ವೈದ್ಯರಿಗೆ ತೋರಿಸಿ.

ಪ್ರಶ್ನೆ ಕೇಳಿದವರು: ಕುರ್ಚಿ ಇಟ್ಟು ಎಂಟು ದಿನವಾಯಿತು. ಇಳಿಯುವಾಗ ಕೈ ಈಗ ಕಂಬಿ ಹುಡುಕುವುದಿಲ್ಲ. ಆದರೆ ಹತ್ತೇ ಬಸ್ಕಿಗೆ ತೊಡೆ ನಡುಗುತ್ತದೆ. ಅಜ್ಜನ ಫೋಟೊ ಎದುರಿಗೇ ಇದೆ, ಕುರ್ಚಿಯನ್ನು ಆ ಕಡೆ ತಿರುಗಿಸಿದ್ದೇನೆ.